ಲಾಗ ಹಾಕುವ ಸೀಸೆ

ಸ್ವಲ್ಪ ನೀರಿರುವ ಪ್ಲಾಸ್ಟಿಕ್ ಸೀಸೆಯನ್ನು ಗಾಳಿಯಲ್ಲಿ ಒಂದು ಲಾಗ ಹಾಕಿಸಿ ನೆಟ್ಟಗೆ ನಿಲ್ಲಿಸುವ ಆಟವು 2016ರಲ್ಲಿ ಅಮೆರಿಕದ ಶಾಲಾ ವಿದ್ಯಾರ್ಥಿಯೊಬ್ಬನ ವಿಡಿಯೋದಿಂದ ಲೋಕಪ್ರಸಿದ್ಧವಾಯಿತು. ಅದರ ಸದ್ದಿಗೆ ಬೇಸತ್ತ ಹಿರಿಯರು ಇದನ್ನು ಬರಿಯ ಅದೃಷ್ಟದಾಟವೆಂದು ಜರೆಯುವುದುಂಟು. ಆ ಮಾತು ಮಕ್ಕಳಿಗೆ ಮಾಡುವ ಅನ್ಯಾಯವೆಂದೇ ನಮ್ಮ ಭಾವನೆ.

ಪೂರ್ಣ ತುಂಬಿದ ಸೀಸೆಯಾಗಲಿ, ಬರಿದಾದುದಾಗಲಿ ಕೈಬಿಟ್ಟ ವೇಗದಲ್ಲಿಯೇ ತಿರುಗುತ್ತ ಬಂದು ಉರುಳುವುದು. ಅರೆ ತುಂಬಿದುದರ ರೀತಿಯೇ ಬೇರೆ. ಕೈಬಿಟ್ಟ ಬಳಿಕ ಅದರ ಕೋನೀಯ ಸಂವೇಗವು ಬದಲಾಗದು. ಆದರೆ ತಿರುಗುವಾಗ ನೀರು ತಳದಿಂದ ಎದ್ದು ಸೀಸೆಯ ಉದ್ದಕ್ಕೂ ಹರಡುವುದು. ಭಾರವು ಹೀಗೆ ದೂರ ದೂರ ಚಾಚಿಕೊಂಡಂತೆ ತಿರುಗುವ ವೇಗ ತಗ್ಗಲೇಬೇಕು. ತಿರುಗುವ ಕುರ್ಚಿಯಲ್ಲಿ ಕುಳಿತವನು ತೋಳು ಚಾಚಿದೊಡನೆ ಸುತ್ತು ನಿಧಾನವಾಗುವುದಿಲ್ಲವೇ? ಆದುದರಿಂದಲೇ ಸೀಸೆಯು ಕೊನೆಗೆ ಹೆಚ್ಚುಕಡಿಮೆ ನೆಟ್ಟಗೆ ಇಳಿಯುವುದು. ನೀರು ಮತ್ತೆ ತಳ ಸೇರಿ ಅದನ್ನು ನಿಲ್ಲಿಸುವುದು.

ನೆದರ್ಲೆಂಡ್ಸ್ ದೇಶದ ಟ್ವೆಂಟೆ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಈ ಕುರಿತು ಪ್ರಬಂಧವನ್ನೇ ಪ್ರಕಟಿಸಿದರು. ನೀರಿಗೆ ಬದಲಾಗಿ ಎರಡು ಟೆನಿಸ್ ಚೆಂಡುಗಳನ್ನಿಟ್ಟೂ ಪರೀಕ್ಷಿಸಿದರು. ನೀರು ಅರ್ಧವನ್ನು ಮೀರಿದರೆ ಹರಡಲು ಎಡೆ ಸಾಲದು. ಮಕ್ಕಳು ಕೇಳಿದರೆ ಮೂರರಲ್ಲೊಂದು ಪಾಲು ನೀರು ತುಂಬಿ, ಮುಚ್ಚಳ ಬಿಗಿದು ಕೊಡಿರಿ. ಗಾಜಿನ ಸೀಸೆ ಮಾತ್ರ ಬೇಡ.