ಶೇಷಪರ್ವತದಿಂದ ವಾಪಸ್ ಬಂದವನ ಮಾತು

ಸೋಮವಾರ ಕುಂಟಿಕೊಂಡೇ ಕಾಲೇಜಿಗೆ ಬಂದೆ. ಕ್ಯಾಂಟೀನ್ ಹತ್ರ ಸಿಕ್ಕ ಕ್ಲಾಸ್‌ಮೇಟ್ ಕೇಳಿದ ಮೊದಲ ಪ್ರಶ್ನೆ, "ಏನ್ ಮಗಾ, ಕೆಪಿ ಟಾಪ್ ಮುಟ್ಟಿದ್ರಾ?"

"ಇಲ್ಲ ಕಣೋ, ಶೇಷಪರ್ವತದಿಂದ ವಾಪಸ್ ಬಂದ್ವಿ."

"ಅಯ್ಯೋ, ಹಂಗಾದ್ರೆ ಹೋಗಿದ್ದೇ ವೇಸ್ಟು ಬಿಡು."

ಅವತ್ತಿಂದ ನಮ್ಮ ಆರು ಜನರ ಗ್ಯಾಂಗಿಗೆ ‘ಮುಕ್ಕಾಲು ಪರ್ವತ’ ಅಂತ ಹೆಸರು ಬಿದ್ದಿದೆ. ತಮಾಷೆಗೆ ಬೇಜಾರಿಲ್ಲ. ಆದರೆ ಆ "ವೇಸ್ಟು" ಅನ್ನೋ ಪದ ತಲೇಲಿ ಕೂತುಬಿಟ್ಟಿದೆ. ಅದು ತಪ್ಪು ಅಂತ ಹೇಳೋಕೆ ಈ ಲೇಖನ. ಹತ್ತನೇ ಕ್ಲಾಸಿನ ಸೆಕೆಂಡ್ ಲ್ಯಾಂಗ್ವೇಜ್ ಪರೀಕ್ಷೆ ಆದಮೇಲೆ ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು. ಒತ್ತಕ್ಷರ ತಪ್ಪಿದ್ದರೆ ಸಂಪಾದಕರು ತಿದ್ದಿರುತ್ತಾರೆ ಅಂತ ನಂಬಿದ್ದೇನೆ.

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಕೆಪಿ ಅಂದ್ರೆ ಕುಮಾರ ಪರ್ವತ. ಪುಷ್ಪಗಿರಿ ವನ್ಯಧಾಮದೊಳಗೆ ಇದೆ, ಎತ್ತರ 1712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದಿಂದ ಹತ್ತಿದರೆ ಒಂದು ಕಡೆಗೆ ಸುಮಾರು 13 ಕಿಲೋಮೀಟರ್. ಮೊದಲು ದಟ್ಟ ಕಾಡು, ಬೇರುಗಳನ್ನೇ ಮೆಟ್ಟಿಲು ಮಾಡಿಕೊಂಡು ಹತ್ತಬೇಕು. ಆಮೇಲೆ ಗಿರಿಗದ್ದೆಯ ಭಟ್ಟರ ಮನೆ. ಅಲ್ಲಿಂದ ಮುಂದೆ ಕಾಡು ಮುಗಿದು ಬರೀ ಹುಲ್ಲುಗಾವಲು. ಬಿಸಿಲಾಗಲಿ, ಗಾಳಿಯಾಗಲಿ, ಸಿಡಿಲಾಗಲಿ, ಅಡಗಿಕೊಳ್ಳೋಕೆ ಜಾಗ ಇಲ್ಲ. ದಾರಿಯಲ್ಲಿ ಒಂದು ಕಲ್ಲು ಮಂಟಪ ಸಿಗುತ್ತೆ, ಆಮೇಲೆ ಶೇಷಪರ್ವತ. ಅಲ್ಲಿ ನಿಂತರೆ ಕುಮಾರ ಪರ್ವತ ಎದುರಿಗೇ ಕಾಣುತ್ತೆ. ಕೈ ಚಾಚಿದರೆ ಸಿಗುತ್ತೆ ಅನ್ನೋ ಥರ. ಮೋಸ ಇರೋದೇ ಅಲ್ಲಿ. ಒಂದು ತಗ್ಗಿಗೆ ಇಳಿದು, ಶೋಲಾ ಕಾಡು ದಾಟಿ, ಬಂಡೆ ಹತ್ತಿದ ಮೇಲೇ ತುದಿ. ಇನ್ನೂ ಒಂದು ಗಂಟೆ ದಾರಿ.

ನಾವು ಹೋಗಿದ್ದು ಅಕ್ಟೋಬರ್‌ನಲ್ಲಿ. ಟಿಕೆಟ್ ಬುಕ್ ಮಾಡಿ, ಬೆಂಗಳೂರಿಂದ ರಾತ್ರಿ ಬಸ್ ಹತ್ತಿ, ಬೆಳಿಗ್ಗೆ ಕುಕ್ಕೆಯಲ್ಲಿ ಇಳಿದೆವು. ಆರು ಗಂಟೆಗೆ ಹತ್ತೋಕೆ ಶುರು ಮಾಡಬೇಕು ಅಂತ ಪ್ಲಾನ್. ಮುಖ ತೊಳೆದು, ತಿಂಡಿ ತಿಂದು, ಒಬ್ಬನಿಗೆ ಸಾಕ್ಸ್ ಹುಡುಕಿ ಹೊರಟಾಗ ಏಳೂವರೆ. ಜಿಗಣೆ ಕಿತ್ತುಕೊಂಡು (ಅಲ್ಲಿಯವರು ಉಂಬಳ ಅಂತಾರೆ), ಫೋಟೋ ಹೊಡ್ಕೊಂಡು, ಶೇಷಪರ್ವತ ತಲುಪಿದಾಗ ಮಧ್ಯಾಹ್ನ ಒಂದು ಇಪ್ಪತ್ತು. ಆರು ಜನಕ್ಕೆ ಎರಡು ಲೀಟರ್ ನೀರು ಉಳಿದಿತ್ತು. ಒಬ್ಬನ ಮೀನಖಂಡ ಹಿಡ್ಕೊಂಡು ನಡೆಯೋಕೆ ಆಗ್ತಿರಲಿಲ್ಲ. ಕೊಡಗಿನ ಕಡೆಯಿಂದ ಮೋಡ ಏರಿ ಬರ್ತಿತ್ತು.

ಈಗ ನಿಜ ಹೇಳ್ತೀನಿ. ವಾಪಸ್ ಹೋಗೋಣ ಅಂದಿದ್ದು ನಾನಲ್ಲ. ನಾನು ಹೇಳಿದ್ದು ಇದು: "ನೀವೆಲ್ಲ ಇಲ್ಲೇ ಕೂತಿರಿ, ನಾನೊಬ್ಬ ಓಡಿ ಹೋಗಿ ಮುಟ್ಟಿ ಬಂದ್ಬಿಡ್ತೀನಿ." ಕಾಲು ಹಿಡ್ಕೊಂಡು ಕೂತಿದ್ದವನು ನನ್ನ ರೂಮ್‌ಮೇಟ್. ಅವನ ಮುಖ ಕೂಡ ನಾನು ಆಗ ಸರಿಯಾಗಿ ನೋಡಲಿಲ್ಲ. ನನ್ನ ಕಣ್ಣೆಲ್ಲ ಎದುರಿನ ತುದಿ ಮೇಲೆ. ನಮ್ಮಲ್ಲಿ ಕಮ್ಮಿ ಮಾತಾಡೋ ಹುಡುಗಿಯೊಬ್ಬಳು ಇದ್ದಾಳೆ. ಅವಳು ಫೋನ್ ತೋರಿಸಿ ಹೇಳಿದ್ಲು, "ನಿನಗೇನಾದ್ರೂ ಆದ್ರೆ ನಿಮ್ಮಮ್ಮಂಗೆ ಹೇಳೋಕೂ ಇಲ್ಲಿ ಸಿಗ್ನಲ್ ಇಲ್ಲ. ನಡಿ ಕೆಳಗೆ."

ನಾನು ಮುಖ ಊದಿಸಿಕೊಂಡೇ ಇಳಿದೆ. ಕಲ್ಲು ಮಂಟಪ ದಾಟಿದ ಮೇಲೆ ಹಿಂದಿನಿಂದ ಗುಡುಗು ಶುರುವಾಯ್ತು. ತಿರುಗಿ ನೋಡಿದರೆ ಶೇಷಪರ್ವತವೇ ಇಲ್ಲ, ಪೂರ್ತಿ ಬಿಳಿ. ಗುಡುಗು ಕಿವಿಗೆ ಬೀಳೋ ದೂರದಲ್ಲಿ ಇದ್ದೀವಿ ಅಂದ್ರೆ ಸಿಡಿಲು ಬಡಿಯೋ ದೂರದಲ್ಲೂ ಇದ್ದೀವಿ ಅಂತ ಅರ್ಥ. ಆ ಬೋಳು ಏಣಿನ ಮೇಲೆ ಎಲ್ಲಕ್ಕಿಂತ ಎತ್ತರದ ವಸ್ತು ನಾವೇ. ರೂಮ್‌ಮೇಟ್‌ನ ಬ್ಯಾಗ್ ನಾನು ಹೊತ್ತೆ, ಅವನನ್ನು ಇಬ್ಬರು ಹಿಡ್ಕೊಂಡು ಇಳಿಸಿದರು. ಭಟ್ಟರ ಮನೆ ತಲುಪಿದಾಗ ನಾಲ್ಕು ಗಂಟೆ. ಕಾಡು ದಾಟಿ ಕೆಳಗೆ ಬಂದಾಗ ಆರು ದಾಟಿತ್ತು, ಕತ್ತಲಾಗ್ತಿತ್ತು.

ಬಸ್ಸಲ್ಲಿ ನಿದ್ದೆ ಬರಲಿಲ್ಲ. ಇಂಜಿನಿಯರಿಂಗ್ ಬುದ್ಧಿ ನೋಡಿ, ಲೆಕ್ಕ ಹಾಕ್ತಾ ಕೂತೆ. 1892ರಲ್ಲಿ ನೇಸ್ಮಿತ್ ಅನ್ನೋ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಸುಲಭ ಸೂತ್ರ ಕೊಟ್ಟಿದ್ದಾರೆ. ಈಗಿನ ಅಳತೆಯಲ್ಲಿ ಹೇಳೋದಾದ್ರೆ, 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರುವಿಕೆಗೆ ಇನ್ನೊಂದು ಗಂಟೆ. ಕುಕ್ಕೆಯಿಂದ ಕೆಪಿಗೆ ಏರಬೇಕಾದ್ದು ಸುಮಾರು 1600 ಮೀಟರ್. ಅಂದ್ರೆ 13 ಕಿಲೋಮೀಟರಿಗೆ 2.6 ಗಂಟೆ, ಏರೋಕೆ 2.7 ಗಂಟೆ, ಒಟ್ಟು ಐದೂ ಕಾಲು ಗಂಟೆ. ಅದೂ ಗಟ್ಟಿಮುಟ್ಟಾದವರು ಎಲ್ಲೂ ನಿಲ್ಲದೆ ನಡೆದರೆ. ಒಂದೂವರೆ ಗಂಟೆ ವಿಶ್ರಾಂತಿ ಸೇರಿಸಿ. ಏಳೂವರೆಗೆ ಹೊರಟವರು ತುದಿ ತಲುಪೋದು ಎರಡೂ ಕಾಲಿಗೆ. ಇಳಿಯೋಕೆ ಐದು ಗಂಟೆ ಹಿಡಿದರೆ ಕೆಳಗೆ ಬರೋದು ರಾತ್ರಿ ಏಳೂ ಕಾಲಿಗೆ. ಅಕ್ಟೋಬರ್‌ನಲ್ಲಿ ಸೂರ್ಯ ಮುಳುಗೋದು ಆರು ದಾಟಿದ ಹಾಗೇ. ಆರು ಜನರ ಹತ್ರ ಇದ್ದದ್ದು ಒಂದು ಟಾರ್ಚ್.

ಈ ಲೆಕ್ಕ ಹಿಂದಿನ ದಿನ ಹಾಸ್ಟೆಲ್‌ನಲ್ಲಿ ಐದು ನಿಮಿಷದಲ್ಲಿ ಮಾಡಬಹುದಿತ್ತು. ಯಾರೂ ಮಾಡಲಿಲ್ಲ. ರೀಲ್ಸ್‌ಗೆ ಯಾವ ಹಾಡು ಹಾಕೋದು ಅಂತ ಮಾತ್ರ ಡಿಸೈಡ್ ಆಗಿತ್ತು.

ನನ್ನ ವಾದ ಇಷ್ಟೇ. ಎಷ್ಟು ಗಂಟೆಗೆ ತಿರುಗಿ ಬರಬೇಕು ಅನ್ನೋದನ್ನ ಬೆಟ್ಟದ ಮೇಲೆ ತೀರ್ಮಾನ ಮಾಡಬಾರದು, ಕೆಳಗೇ ಮಾಡಿಕೊಂಡು ಹೋಗಬೇಕು. ತುದಿ ಕಣ್ಣೆದುರು ಇದ್ದಾಗ, ದಾಹ ಆಗಿದ್ದಾಗ, ಸುಸ್ತಾಗಿದ್ದಾಗ ನಮ್ಮ ತಲೆ ನಮ್ಮ ಮಾತು ಕೇಳಲ್ಲ. ನಾನು ಕೆಟ್ಟವನಲ್ಲ ಅಂದ್ಕೊಂಡಿದ್ದೀನಿ. ಆದರೂ ಅವತ್ತು ರೂಮ್‌ಮೇಟ್‌ನ ಬಿಟ್ಟು ಹೋಗೋಕೆ ರೆಡಿ ಇದ್ದೆ.

ಇದು ನಮ್ಮಂಥ ಹೊಸಬರ ಕಥೆ ಮಾತ್ರ ಅಲ್ಲ. 1996ರ ಮೇ 10ರಂದು ಎವರೆಸ್ಟ್‌ನಲ್ಲಿ ತಿರುಗೋ ಹೊತ್ತು ಮೀರಿದ ಮೇಲೂ ಹಲವರು ಹತ್ತುತ್ತಲೇ ಹೋದರು. ಸಂಜೆ ಬಿರುಗಾಳಿ ಬಂತು. ಎಂಟು ಜನ ಸತ್ತರು. ಅದರಲ್ಲಿ ಎರಡು ತಂಡಗಳ ನಾಯಕರಾದ ರಾಬ್ ಹಾಲ್, ಸ್ಕಾಟ್ ಫಿಷರ್ ಇಬ್ಬರೂ ಇದ್ದರು. ಹಾಲ್ ತಂಡದಲ್ಲೇ ಕೆಲವರು ಸಮಯ ಆಯ್ತು ಅಂತ ಅರ್ಧ ದಾರಿಯಲ್ಲಿ ತಿರುಗಿದ್ದರು. ಅವರು ಮನೆಗೆ ಹೋದರು.

"ಹಿಂಗೆ ಹೆದರ್ತಾ ಕೂತ್ರೆ ಯಾರೂ ಏನೂ ಸಾಧಿಸಲ್ಲ ಗುರು" ಅಂತ ನೀವು ಹೇಳಬಹುದು. ನಮ್ಮ ಸೀನಿಯರ್ ಒಬ್ಬರು ನನಗೆ ಹಾಗೇ ಹೇಳಿದರು. ಅವರ ಮಾತಲ್ಲೂ ಅರ್ಥ ಇದೆ. ಸುಸ್ತಾಯ್ತು ಅಂತ ಭಟ್ಟರ ಮನೆಯಲ್ಲಿ ಅನ್ನ ಸಾಂಬಾರ್ ತಿಂದು ಮಲಗಿಬಿಡೋದು ಬೇರೆ. ಆದರೆ ತೇನ್‌ಸಿಂಗ್ ನೋರ್ಗೆ ಹೆದರುಪುಕ್ಕಲರಾ? 1952ರ ಮೇ 28ರಂದು ಅವರು ರೇಮಂಡ್ ಲ್ಯಾಂಬರ್ಟ್ ಜೊತೆ ಎವರೆಸ್ಟ್‌ನಲ್ಲಿ 8,500 ಮೀಟರಿಗಿಂತ ಮೇಲೆ ಹೋಗಿ, ಇನ್ನು ಆಗಲ್ಲ ಅಂತ ಗೊತ್ತಾಗಿ ತಿರುಗಿ ಬಂದರು. ಮುಂದಿನ ವರ್ಷ ಮೇ 29ಕ್ಕೆ ಎಡ್ಮಂಡ್ ಹಿಲರಿ ಜೊತೆ ತುದಿ ಮೇಲೆ ನಿಂತಿದ್ದರು. 1952ರಲ್ಲಿ ತಿರುಗದೇ ಇದ್ದಿದ್ದರೆ 1953 ಇರ್ತಾನೇ ಇರಲಿಲ್ಲವೇನೋ.

ಇನ್ನೊಂದು ಮಾತು ಕೇಳ್ತೀವಿ: "ಅಷ್ಟೊಂದು ಜನ ಹೋಗ್ತಾರಲ್ಲ, ಏನಾಗುತ್ತೆ?" 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕೆಪಿಯಲ್ಲಿ ಜಾತ್ರೆ ಥರ ಜನ ಸೇರಿದ ವಿಡಿಯೋ ನಮ್ಮೆಲ್ಲರ ಫೋನಿಗೂ ಬಂದಿತ್ತು. ಅದಾದ ಮೇಲೇ ಸರ್ಕಾರ ಚಾರಣ ನಿಲ್ಲಿಸಿ, ಆನ್‌ಲೈನ್ ಟಿಕೆಟ್ ಮಾಡಿ, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿದ್ದು. ಜನ ಜಾಸ್ತಿ ಇದ್ದರೆ ಬೆಟ್ಟ ಸಣ್ಣದಾಗಲ್ಲ. ಅಲ್ಲಿ ಕಾಲು ಮುರಿದರೆ ಆಂಬುಲೆನ್ಸ್ ಬರೋ ರಸ್ತೆ ಇಲ್ಲ. ಯಾರೋ ಹೆಗಲ ಮೇಲೆ ಹೊತ್ತು ಇಳಿಸಬೇಕು. ಆ ಯಾರೋ ಅಂದ್ರೆ ಅರಣ್ಯ ಸಿಬ್ಬಂದಿ, ಇಲ್ಲಾ ಅಕ್ಕಪಕ್ಕದ ಊರಿನವರು. ನಮ್ಮ ಒಂದು ಫೋಟೋಗಾಗಿ ಅವರು ಕತ್ತಲಲ್ಲಿ ಯಾಕೆ ಬೆಟ್ಟ ಹತ್ತಬೇಕು?

ಅದಕ್ಕೇ ನಮ್ಮ ಕ್ಯಾಂಪಸ್‌ನಲ್ಲಿ ಟ್ರೆಕ್ ಪ್ಲಾನ್ ಮಾಡೋ ಎಲ್ಲ ಗ್ಯಾಂಗ್‌ಗಳಿಗೂ ಮೂರು ಸಲಹೆ. ಒಂದು, ತಿರುಗೋ ಟೈಮನ್ನು ಹಿಂದಿನ ರಾತ್ರಿಯೇ ವಾಟ್ಸಾಪ್ ಗ್ರೂಪಲ್ಲಿ ಪಿನ್ ಮಾಡಿ. ಆ ಟೈಮಿಗೆ ಎಲ್ಲಿದ್ದರೂ ತಿರುಗೋದು, ಚರ್ಚೆ ಇಲ್ಲ. ಎರಡು, ಎಲ್ಲರಿಗಿಂತ ನಿಧಾನ ನಡೆಯೋರು ಮುಂದೆ ಇರಲಿ, ಗುಂಪು ಒಡೆಯೋದು ಬೇಡ. ಮೂರು, "ಸಾಕು, ವಾಪಸ್ ಹೋಗೋಣ" ಅನ್ನೋ ಹಕ್ಕು ಆರರಲ್ಲಿ ಯಾರಿಗಾದರೂ ಇರಲಿ. ಹಾಗಂದವರನ್ನು ಸೋಮವಾರ ಕ್ಯಾಂಟೀನ್‌ನಲ್ಲಿ ಆಡಿಕೊಳ್ಳಬೇಡಿ. ಮೂರನೆಯದೇ ಮುಖ್ಯ. ಆಡಿಕೊಳ್ತಾರೆ ಅನ್ನೋ ಭಯಕ್ಕೇ ಎಷ್ಟೋ ಜನ ಬಾಯಿ ಮುಚ್ಚಿಕೊಂಡು ಹತ್ತುತ್ತಾರೆ.

ಡಿಸೆಂಬರ್‌ನಲ್ಲಿ ಮತ್ತೆ ಹೋಗ್ತಾ ಇದ್ದೀವಿ, ಅದೇ ಆರು ಜನ. ಐದೂವರೆಗೆ ಹೊರಡೋದು, ಹನ್ನೆರಡೂವರೆಗೆ ತಿರುಗೋದು, ತಲೆಗೊಂದು ಟಾರ್ಚ್, ಮೂರು ಲೀಟರ್ ನೀರು. ಗ್ರೂಪಲ್ಲಿ ಪಿನ್ ಆಗಿದೆ. ವಾಪಸ್ ಬಂದ ಮೇಲೆ "ಟಾಪ್ ಮುಟ್ಟಿದ್ರಾ?" ಅಂತ ಕೇಳಿ, ಪರವಾಗಿಲ್ಲ. ಆದರೆ ಅದಕ್ಕಿಂತ ಮೊದಲು "ಎಲ್ರೂ ಆರಾಮಾಗಿ ಬಂದ್ರಾ?" ಅಂತ ಕೇಳಿ.