ಮಾಗಳಿ ಬೇರು ಸಾರಿವಾ ಅಲ್ಲ

ಹಳೆ ಮೈಸೂರು ಸೀಮೆಯ ಮನೆಗಳಲ್ಲಿ ಮಾಗಳಿ ಬೇರೆಂದರೆ ಉಪ್ಪಿನಕಾಯಿ. ಮಣ್ಣು ತೊಳೆದು, ಸಿಪ್ಪೆ ಹೆರೆದು, ನಡುವಿನ ನಾರುದಿಂಡು ತೆಗೆದು, ಹೋಳು ಮಾಡಿ ನಿಂಬೆರಸದಲ್ಲೋ ಮಜ್ಜಿಗೆಯಲ್ಲೋ ಹಾಕಿಟ್ಟರೆ ಬಹುಕಾಲ ಕೆಡುವುದಿಲ್ಲ. ಇದೇ ಬೇರು ಒಣಗಿ, ಮೂಟೆಯಾಗಿ, ಗ್ರಂಥಿಗೆ ಅಂಗಡಿ ಹಾಯ್ದು ಔಷಧ ತಯಾರಕರ ಗೋದಾಮು ಸೇರುವಷ್ಟರಲ್ಲಿ ಎಷ್ಟೋ ಸಲ ಸಾರಿವಾ ಆಗಿಬಿಟ್ಟಿರುತ್ತದೆ. ರಕ್ತಶುದ್ಧಿಗೆ, ಚರ್ಮದ ಕಾಯಿಲೆಗೆ, ಮೈಯುರಿ ತಣಿಸುವುದಕ್ಕೆ ಆಯುರ್ವೇದ ಹೇಳಿದ ಸಾರಿವಾ ಬೇರೆಯೇ ಗಿಡ. ಭಾರತದ ಅಧಿಕೃತ ಆಯುರ್ವೇದ ಔಷಧಕೋಶ ಶ್ವೇತ ಸಾರಿವಾ ಎಂದು ಗುರುತಿಸಿರುವುದು ಹೆಮಿಡೆಸ್ಮಸ್ ಇಂಡಿಕಸ್ ಬಳ್ಳಿಯ ಬೇರನ್ನು. ನಮ್ಮಲ್ಲಿ ಅದಕ್ಕೆ ಸೊಗದೆ ಬೇರು, ನಾಮದ ಬೇರು ಎನ್ನುತ್ತಾರೆ. ಮಾಗಳಿ ಡೆಕಾಲೆಪಿಸ್ ಹ್ಯಾಮಿಲ್ಟೋನಿ. ಒಂದರ ಹೆಸರಿನಲ್ಲಿ ಇನ್ನೊಂದು ಮಾರಾಟವಾಗುವುದು ದಕ್ಷಿಣ ಭಾರತದ ಗಿಡಮೂಲಿಕೆ ವ್ಯಾಪಾರಕ್ಕೆ ಹೊಸದಲ್ಲ, ಸಸ್ಯಶಾಸ್ತ್ರಜ್ಞರಿಗೆ ಗೊತ್ತಿಲ್ಲದ್ದೂ ಅಲ್ಲ. ಈ ಅದಲುಬದಲು ನಿಲ್ಲುವ ತನಕ ಮಾಗಳಿಯ ಔಷಧ ಗುಣ ನಮಗೆ ಸರಿಯಾಗಿ ತಿಳಿಯುವುದಿಲ್ಲ, ಚಾಮರಾಜನಗರ ಜಿಲ್ಲೆಯ ಹನೂರು ಸೀಮೆಯ ಕಾಡಿನಲ್ಲಿ ಆ ಬಳ್ಳಿ ಉಳಿಯುವುದೂ ಇಲ್ಲ ಎಂಬುದು ನನ್ನ ವಾದ.

ಮೊದಲು ಗಿಡದ ಸ್ವಭಾವ ನೋಡೋಣ. ಮಾಗಳಿ ಹಾಲು ಸೂಸುವ ಬಳ್ಳಿ. ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಅದು ತಾನಾಗಿ ಬೆಳೆಯುವುದಿಲ್ಲ. ಎಲೆಯುದುರುವ ಒಣ ಕಾಡು, ಬಂಡೆಯ ಸಂದು, ಕಲ್ಲು ತುಂಬಿದ ಇಳಿಜಾರು ಅದರ ನೆಲೆ. ಹನೂರಿನಿಂದ ಕೌದಳ್ಳಿ, ತಾಳುಬೆಟ್ಟ ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಏರುವ ನೆಲವೂ ಯಳಂದೂರಿನ ಕಡೆ ಬಿಳಿಗಿರಿರಂಗನ ಬೆಟ್ಟದ ಒಣ ಮಗ್ಗುಲೂ ಇಂಥವೇ. ಈ ಬೆಟ್ಟಗಳ ಬುಡಕಟ್ಟಿನವರಾದ ಸೋಲಿಗರು ಕಾಡಿನಿಂದ ತರುವ ಜೇನು, ನೆಲ್ಲಿಕಾಯಿ, ಅಂಟುವಾಳ, ಸೀಗೆ, ಅಳಲೆ, ಕಲ್ಲುಹೂವಿನ ಸಾಲಿನಲ್ಲಿ ಮಾಗಳಿಯೂ ಇದೆ. ಆದರೆ ನೆಲ್ಲಿಕಾಯಿ ಕೊಯ್ದರೆ ಮರ ನಿಂತಿರುತ್ತದೆ, ಮುಂದಿನ ವರ್ಷ ಮತ್ತೆ ಕಾಯಿ ಬಿಡುತ್ತದೆ. ಮಾಗಳಿಯಲ್ಲಿ ಬೆಲೆ ಇರುವುದೇ ನೆಲದಡಿಯ ಬೇರಿಗೆ. ಒಂದು ಬುಡದಿಂದ ಹಲವು ದಪ್ಪ ಬೇರುಗಳು ಸುತ್ತ ಹರಡಿರುತ್ತವೆ. ಒಂದೆರಡನ್ನು ಕುಯ್ದುಕೊಂಡು ಮಣ್ಣು ಮುಚ್ಚಿದರೆ ಬಳ್ಳಿ ಬದುಕುವ ಅವಕಾಶವಿದೆ. ಹಾರೆ ಹಾಕಿ ಬುಡಸಮೇತ ಎತ್ತಿದರೆ ಅಲ್ಲಿಗೆ ಮುಗಿಯಿತು. ಮನೆಯ ಉಪ್ಪಿನಕಾಯಿಗೆ ಮೊದಲನೆಯ ರೀತಿ ಸಾಕು. ಟನ್ ಲೆಕ್ಕದಲ್ಲಿ ಕೇಳುವ ವ್ಯಾಪಾರ ಎರಡನೆಯದನ್ನೇ ಬೇಡುತ್ತದೆ. ಬೇರು ದಪ್ಪಗಾಗಲು ವರ್ಷಗಳು ಹಿಡಿಯುವುದರಿಂದ ಕಿತ್ತ ಜಾಗ ಬೇಗ ತುಂಬಿಕೊಳ್ಳುವುದೂ ಇಲ್ಲ.

ಇನ್ನು ಔಷಧ ಗುಣದ ಮಾತು. ಮಾಗಳಿಯ ಹಸಿವು ಹೆಚ್ಚಿಸುವ, ಮೈ ತಂಪಾಗಿಸುವ ಗುಣವನ್ನು ಜನ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಅದನ್ನು ಹಗುರಾಗಿ ತಳ್ಳಿಹಾಕುವುದು ತಪ್ಪು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ, ಈ ಬೇರಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಬೇರಿನ ಗಾಢ ಪರಿಮಳಕ್ಕೆ ಮುಖ್ಯ ಕಾರಣ 2-ಹೈಡ್ರಾಕ್ಸಿ-4-ಮೆಥಾಕ್ಸಿ ಬೆಂಜಾಲ್ಡಿಹೈಡ್ ಎಂಬ ರಾಸಾಯನಿಕ. ವೆನಿಲಾದ ಸುವಾಸನೆ ಕೊಡುವ ವೆನಿಲಿನ್‌ನಲ್ಲಿ ಇರುವಷ್ಟೇ ಪರಮಾಣುಗಳು ಇದರಲ್ಲೂ ಇವೆ, ಜೋಡಣೆ ಮಾತ್ರ ಬೇರೆ. ಬೇರಿನ ಸಾರ ದಾಸ್ತಾನು ಧಾನ್ಯದ ಹುಳುಗಳನ್ನು ಕೊಲ್ಲಬಲ್ಲದು, ಅದರಲ್ಲಿ ಉತ್ಕರ್ಷಣ ನಿರೋಧಕ ಗುಣವಿರುವ ಹಲವು ಅಂಶಗಳಿವೆ, ಇಲಿಗಳಲ್ಲಿ ವಿಷವಸ್ತುಗಳಿಂದ ಯಕೃತ್ತಿಗೆ ಆಗುವ ಹಾನಿಯನ್ನು ಅದು ತಗ್ಗಿಸಿತು ಎಂಬುದನ್ನು ಪ್ರಕಟಿತ ಅಧ್ಯಯನಗಳು ತೋರಿಸಿವೆ. ಕುತೂಹಲ ಹುಟ್ಟಿಸುವ ಫಲಿತಾಂಶಗಳಿವು. ಆದರೆ ಪ್ರಯೋಗಾಲಯದ ನಳಿಕೆಯಿಂದ ಇಲಿಗೆ, ಇಲಿಯಿಂದ ಮನುಷ್ಯನಿಗೆ ಇರುವ ದೂರ ದೊಡ್ಡದು. ಮಾಗಳಿ ತಿಂದರೆ ಮನುಷ್ಯನ ಇಂಥ ಕಾಯಿಲೆ ಇಷ್ಟು ಪ್ರಮಾಣದಲ್ಲಿ ಗುಣವಾಗುತ್ತದೆ ಎಂದು ಹೇಳಲು ಬೇಕಾದ, ರೋಗಿಗಳ ಮೇಲೆ ನಡೆದ ಗಟ್ಟಿಯಾದ ಪರೀಕ್ಷೆಗಳ ಆಧಾರ ನಮ್ಮ ಕೈಯಲ್ಲಿಲ್ಲ. ಹಾಗಿದ್ದೂ ಮಧುಮೇಹದಿಂದ ಕ್ಯಾನ್ಸರ್‌ವರೆಗೆ ಎಲ್ಲಕ್ಕೂ ಮಾಗಳಿಯೇ ಮದ್ದು ಎನ್ನುವ ಮಾತು ಬಾಯಿಂದ ಬಾಯಿಗೆ, ಮೊಬೈಲಿನಿಂದ ಮೊಬೈಲಿಗೆ ಓಡುತ್ತದೆ. ಇವೆರಡು ಕಾಯಿಲೆ ವಾಸಿಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು ಔಷಧ ಜಾಹೀರಾತುಗಳ ಮೇಲಿನ 1954ರ ಕಾಯ್ದೆಯೇ ನಿಷೇಧಿಸಿದೆ. ಅಂಥ ಮಾತು ನಂಬಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟವರು ತೆರುವ ಬೆಲೆಯ ಮುಂದೆ ಬೇರಿನ ಬೆಲೆ ಏನೂ ಅಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದಕ್ಕೆ ತೂಕವೂ ಇದೆ. ಒಂದು ಮೂಲಿಕೆ ಸಿಗದಾಗ ಇನ್ನೊಂದನ್ನು ಬಳಸುವುದು ಆಯುರ್ವೇದದ ಒಳಗೇ ಒಪ್ಪಿತವಾದ ಪದ್ಧತಿ. ಪ್ರತಿನಿಧಿ ದ್ರವ್ಯಗಳನ್ನು ಭಾವಪ್ರಕಾಶವೇ ಹೇಳುತ್ತದೆ. ಮಾಗಳಿಗೂ ಸೊಗದೆಗೂ ಇರುವುದು ಒಂದೇ ಪರಿಮಳ, ಎರಡರಲ್ಲೂ ಅದೇ ಸುಗಂಧದ ಅಂಶ, ಎರಡೂ ಹತ್ತಿರದ ಕುಲದವು. ಹಾಗಿರುವಾಗ ಈ ಗಲಾಟೆ ಏಕೆ ಎಂದು ಕೇಳಬಹುದು. ಆದರೆ ಪ್ರತಿನಿಧಿಯನ್ನು ಬಳಸುವ ವೈದ್ಯನಿಗೆ ತಾನು ಏನು ಬಳಸುತ್ತಿದ್ದೇನೆ ಎಂಬ ಅರಿವಿರುತ್ತದೆ, ರೋಗಿಯ ದೇಹ ನೋಡಿ ಪ್ರಮಾಣ ಬದಲಿಸುವ ಸ್ವಾತಂತ್ರ್ಯವಿರುತ್ತದೆ. ಗೋದಾಮಿನಲ್ಲಿ ನಡೆಯುವ ಅದಲುಬದಲಿನಲ್ಲಿ ಈ ಎರಡೂ ಇಲ್ಲ. ಬಾಟಲಿಯ ಮೇಲೆ ಸಾರಿವಾ, ಒಳಗೆ ಮಾಗಳಿ; ಬರೆದುಕೊಟ್ಟ ವೈದ್ಯನಿಗೂ ಕುಡಿದ ರೋಗಿಗೂ ಅದು ಗೊತ್ತಿಲ್ಲ. ಪರಿಮಳ ಒಂದೇ ಎಂಬುದು ಅದಲುಬದಲನ್ನು ಸುಲಭ ಮಾಡುತ್ತದೆ, ಸರಿ ಮಾಡುವುದಿಲ್ಲ. ಸೊಗದೆಯದು ಸಣ್ಣಗಿನ ಗಡಸು ಬೇರು, ಮಾಗಳಿಯದು ದಪ್ಪನೆಯ ರಸಭರಿತ ಬೇರು. ಪರಿಮಳದ ಅಂಶ ಬಿಟ್ಟು ಉಳಿದ ನೂರಾರು ಅಂಶಗಳು ಎರಡರಲ್ಲೂ ಒಂದೇ ಎಂದು ಊಹಿಸಲು ಕಾರಣವಿಲ್ಲ. ದಪ್ಪ ಬೇರಿನಲ್ಲಿ ತೂಕ ಹೆಚ್ಚು, ಅಗೆತದ ಶ್ರಮಕ್ಕೆ ಮಾಲು ಜಾಸ್ತಿ. ವ್ಯಾಪಾರ ಅತ್ತ ವಾಲಲು ಇಷ್ಟು ಸಾಕು, ಇದರಲ್ಲಿ ಶಾಸ್ತ್ರ ಹುಡುಕಬೇಕಾಗಿಲ್ಲ.

ಗುರುತು ತಪ್ಪಿದ ಮೂಲಿಕೆ ಏನು ಮಾಡಬಲ್ಲದು ಎಂಬುದನ್ನು ಬೆಲ್ಜಿಯಂ 1990ರ ದಶಕದ ಆರಂಭದಲ್ಲಿ ಕಂಡಿತು. ತೂಕ ಇಳಿಸುವ ಗುಳಿಗೆಯಲ್ಲಿ ಸ್ಟೆಫಾನಿಯಾ ಎಂಬ ಚೀನೀ ಮೂಲಿಕೆಯ ಜಾಗದಲ್ಲಿ ಅರಿಸ್ಟೊಲೋಕಿಯಾ ಸೇರಿಹೋಗಿ, ಬ್ರಸೆಲ್ಸ್‌ನಲ್ಲಿ ಸುಮಾರು ನೂರು ಮಹಿಳೆಯರ ಮೂತ್ರಪಿಂಡಗಳು ಹಾಳಾದವು. ಮಾಗಳಿಯನ್ನು ಅದಕ್ಕೆ ಹೋಲಿಸುವುದು ಅನ್ಯಾಯ. ನಮ್ಮ ಜನ ಊಟದ ಎಲೆಯಲ್ಲಿ ಹಾಕಿಕೊಂಡು ತಿಂದಿರುವ ಬೇರು ಇದು. ನಾನು ಹೇಳುವುದು ಬೇರೆ. ಗುರುತೇ ತಪ್ಪಿದಾಗ ಕೇಡಾದರೆ ಕಾರಣ ಹುಡುಕುವುದು ಕಷ್ಟ, ಒಳ್ಳೆಯದಾದರೂ ಅದರ ಶ್ರೇಯ ಯಾವ ಗಿಡಕ್ಕೆ ಸಲ್ಲಬೇಕೆಂಬುದು ತಿಳಿಯುವುದಿಲ್ಲ. ಸಾರಿವಾ ಹಾಕಿ ಮಾಡುವ ಸಾರಿವಾದ್ಯಾಸವ ಕುಡಿದು ಯಾರದೋ ಚರ್ಮದ ತುರಿಕೆ ವಾಸಿಯಾದರೆ ಆ ಗುಣ ಸೊಗದೆಯದೋ ಮಾಗಳಿಯದೋ? ಲಕ್ಷಾಂತರ ಜನರ ಬಳಕೆಯಿಂದ ಕಲಿಯಬಹುದಾಗಿದ್ದ ಪಾಠ ಹೀಗೆ ಕಲಸಿ ಹೋಗುತ್ತದೆ. ಆಯುರ್ವೇದದ ಅನುಭವಕ್ಕೆ ಬೆಲೆ ಕೊಡಬೇಕು ಎನ್ನುವವರೇ ಇದಕ್ಕೆ ಎಲ್ಲರಿಗಿಂತ ಮೊದಲು ಸಿಟ್ಟಾಗಬೇಕು.

ಗುರುತು ಖಚಿತವಾದರೆ ಸಾಕೇ? ಸಾಲದು. ಸರ್ಪಗಂಧಿಯ ಕಥೆ ಇದನ್ನು ಚೆನ್ನಾಗಿ ಹೇಳುತ್ತದೆ. 1931ರಲ್ಲಿ ಸೇನ್ ಮತ್ತು ಬೋಸ್ ಅದರ ಗುಣವನ್ನು ವರದಿ ಮಾಡಿದರು. 1949ರಲ್ಲಿ ಮುಂಬೈಯ ರುಸ್ತುಂ ಜಾಲ್ ವಕೀಲ್ ರಕ್ತದೊತ್ತಡದ ರೋಗಿಗಳಲ್ಲಿ ಅದರ ಪರಿಣಾಮವನ್ನು ಬ್ರಿಟಿಷ್ ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಅದರಿಂದ ರೆಸರ್ಪಿನ್ ಬೇರ್ಪಟ್ಟಿತು. ಗಿಡ ಗೊತ್ತಿತ್ತು, ಪ್ರಮಾಣ ಗೊತ್ತಾಯಿತು, ಖಿನ್ನತೆಯಂಥ ಅಡ್ಡ ಪರಿಣಾಮವೂ ಬೆಳಕಿಗೆ ಬಂತು. ಅಷ್ಟರಲ್ಲಿ ಬೇಡಿಕೆ ಕಾಡಿಗೆ ನುಗ್ಗಿತ್ತು. ಅದೂ ಬೇರಿನ ಮದ್ದೇ. 1990ರಲ್ಲಿ ಸರ್ಪಗಂಧಿ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ಕಣ್ಣಿಡುವ ಸೈಟಿಸ್ ಪಟ್ಟಿ ಸೇರಿತು. ಮಾಗಳಿಯ ವಿಷಯದಲ್ಲಿ ನಾವಿನ್ನೂ ಮೊದಲ ಮೆಟ್ಟಿಲನ್ನೇ ಸರಿಯಾಗಿ ಹತ್ತಿಲ್ಲ, ಕೊನೆಯ ಮೆಟ್ಟಿಲಿನ ನಷ್ಟ ಆಗಲೇ ಶುರುವಾಗಿದೆ. ಮಾಗಳಿಯ ಹೆಸರು ಲೇಬಲ್ಲಿನ ಮೇಲೆ ಬಾರದ ಕಾರಣ ಎಷ್ಟು ಬೇರು ಕಾಡಿನಿಂದ ಹೊರಟಿತು ಎಂಬ ಲೆಕ್ಕವೂ ಸಾರಿವಾದ ಲೆಕ್ಕದೊಳಗೆ ಮುಚ್ಚಿಹೋಗುತ್ತದೆ. ಲೆಕ್ಕಕ್ಕೇ ಸಿಗದ ಗಿಡವನ್ನು ಕಾಪಾಡಿ ಎಂದು ಯಾರನ್ನು ಕೇಳುವುದು?

ಹಾಗಾದರೆ ಅಗೆಯುವುದನ್ನೇ ನಿಷೇಧಿಸಿ ಎನ್ನುವವರಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿ ಅಭಯಾರಣ್ಯದಿಂದ ಮಾರಾಟಕ್ಕಾಗಿ ಕಾಡುತ್ಪನ್ನ ತೆಗೆಯುವುದಕ್ಕೆ ತಡೆಯೊಡ್ಡಿತು. ಬಿಳಿಗಿರಿರಂಗನ ಬೆಟ್ಟದಲ್ಲಿ ಅದರಿಂದ ಪೆಟ್ಟು ತಿಂದವರು ನೆಲ್ಲಿಕಾಯಿ, ಜೇನು ನಂಬಿದ್ದ ಸೋಲಿಗರು. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನದ ಒಡೆತನವನ್ನು ಕಾಡಿನ ಜನರಿಗೆ ಕೊಟ್ಟಿತು, 2011ರಲ್ಲಿ ಅಲ್ಲಿನ ಸೋಲಿಗರಿಗೆ ಸಮುದಾಯ ಹಕ್ಕು ಸಿಕ್ಕಿತು. 2013ರಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡೂ ಅಭಯಾರಣ್ಯವಾಗಿದೆ. ಹೀಗಿರುವಾಗ ನಿಷೇಧ ಮಾಡಿದರೆ ಬೇರು ಅಗೆಯುವುದು ನಿಲ್ಲುವುದಿಲ್ಲ, ರಾತ್ರಿ ಹೊತ್ತಿಗೆ ಜಾರುತ್ತದೆ. ಕದ್ದು ಅಗೆಯುವವನಿಗೆ ಅರ್ಧ ಬೇರು ಬಿಟ್ಟು ಮಣ್ಣು ಮುಚ್ಚುವ ವ್ಯವಧಾನ ಇರುವುದಿಲ್ಲ. ದಲ್ಲಾಳಿ ಹೇಳಿದ ಬೆಲೆಗೆ ಅವನು ತಲೆಯಾಡಿಸಲೇಬೇಕು. ಯಾವ ಬೆಟ್ಟದ ಮಗ್ಗುಲಲ್ಲಿ ಈ ವರ್ಷ ಅಗೆಯಬಹುದು, ಯಾವುದನ್ನು ಬಿಡಬೇಕು, ಬುಡಕ್ಕೆ ಎಷ್ಟು ಬೇರು ಉಳಿಸಬೇಕು ಎಂಬುದನ್ನು ಗ್ರಾಮಸಭೆ ತೀರ್ಮಾನಿಸುವುದೇ ಸರಿ. ಬೆಟ್ಟವನ್ನು ಬಲ್ಲವರು ಅಲ್ಲಿದ್ದಾರೆ, ಬಳ್ಳಿ ಮುಗಿದರೆ ಮೊದಲು ಕಳೆದುಕೊಳ್ಳುವವರೂ ಅವರೇ.

ಔಷಧ ಕಾರ್ಖಾನೆಯ ಹಸಿವನ್ನು ಕಾಡು ಎಷ್ಟೇ ಎಚ್ಚರದಿಂದ ತೀರಿಸಿದರೂ ತೀರದು. ಅದಕ್ಕೆ ಹೊಲದ ಬೇರೇ ಬೇಕು. ಮಾಗಳಿ ಬೇಸಾಯ ಕಷ್ಟ ಎನ್ನುವುದು ನಿಜ: ಬೀಜ ಬೇಗ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ, ಕಡ್ಡಿ ನೆಟ್ಟರೆ ಬೇರು ಬಿಡುವುದು ಕಡಿಮೆ, ಫಸಲಿಗೆ ಕಾಯಬೇಕು. ಆದರೆ ಅಂಗಾಂಶ ಕೃಷಿಯಿಂದ ಸಸಿ ಮಾಡುವ ದಾರಿಯನ್ನು ಸಿಎಫ್‌ಟಿಆರ್‌ಐ ವಿಜ್ಞಾನಿಗಳು ತೋರಿಸಿ ಬಹಳ ಕಾಲವಾಯಿತು. ಕೌದಳ್ಳಿಯ ಸುತ್ತಿನ ಕಲ್ಲುಮಿಶ್ರಿತ ಮಳೆಯಾಶ್ರಿತ ಹೊಲಗಳು, ಅವುಗಳ ಬದುಗಳು ಈ ಬಳ್ಳಿಯ ತವರಿಗೆ ಹತ್ತಿರದ ನೆಲ. ರೈತ ನೆಡದಿರುವುದಕ್ಕೆ ಸಸಿಯ ಕೊರತೆಗಿಂತ ದೊಡ್ಡ ಕಾರಣ ಬೆಲೆಯ ಅನಿಶ್ಚಿತತೆ. ಸಾರಿವಾ ಎಂದು ಯಾವ ಬೇರನ್ನೂ ತಳ್ಳಬಹುದಾದ ಪೇಟೆಯಲ್ಲಿ, ಕಾಡಿನಿಂದ ಪುಕ್ಕಟೆ ಬಂದ ಬೇರಿನೊಂದಿಗೆ, ವರ್ಷಗಟ್ಟಲೆ ಕಾದು ಬೆಳೆದ ರೈತ ಸ್ಪರ್ಧಿಸಲಾರ.

ಆದ್ದರಿಂದ ಕೆಲಸ ಆರಂಭವಾಗಬೇಕಾದದ್ದು ಲೇಬಲ್ಲಿನಿಂದ. ಆಯುರ್ವೇದ ಔಷಧದ ಮೇಲೆ ಅದರೊಳಗಿನ ಪದಾರ್ಥಗಳ ನಿಜವಾದ ಪಟ್ಟಿ ಇರಬೇಕೆಂದು ನಿಯಮ ಈಗಾಗಲೇ ಹೇಳುತ್ತದೆ. ಪರವಾನಗಿ ಕೊಡುವ ಇಲಾಖೆ ಸಾರಿವಾ ಇರುವ ಔಷಧಗಳ ಕಚ್ಚಾ ಬೇರನ್ನು ಸೂಕ್ಷ್ಮದರ್ಶಕದಡಿ, ಬೇಕಾದರೆ ಡಿಎನ್‌ಎ ಮಟ್ಟದಲ್ಲಿ ಪರೀಕ್ಷಿಸಬೇಕು, ಮಾಗಳಿ ಇದ್ದರೆ ಮಾಗಳಿ ಎಂದೇ ಬರೆಸಬೇಕು. ಸಣ್ಣ ತಯಾರಕರಿಗೆ ಇದು ಹೊರೆ ಎಂಬ ಮಾತನ್ನು ಒಪ್ಪೋಣ. ಪರೀಕ್ಷೆಯ ಖರ್ಚನ್ನು ಸರ್ಕಾರಿ ಪ್ರಯೋಗಾಲಯಗಳು ಹೊರಲಿ. ಇನ್ನೊಂದು ತುದಿಯ ಕೆಲಸ ಊರಿನದು. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ಸಮಿತಿ, ಜನತಾ ಜೀವವೈವಿಧ್ಯ ದಾಖಲೆ ಇರಬೇಕು. ಹನೂರು ತಾಲ್ಲೂಕಿನ ಕಾಡಂಚಿನ ಪಂಚಾಯಿತಿಗಳು ಆ ದಾಖಲೆಯಲ್ಲಿ ಮಾಗಳಿಗೆ ಒಂದು ಪುಟ ತೆರೆದು, ಯಾವ ಇಳಿಜಾರಿನಲ್ಲಿ ಎಷ್ಟು ಬಳ್ಳಿ ಉಳಿದಿದೆ, ಯಾವ ತಿಂಗಳು ಯಾರು ಅಗೆದರು, ಎಷ್ಟಕ್ಕೆ ಮಾರಿದರು ಎಂದು ಬರೆದಿಡಬಹುದು. ಬೆಂಗಳೂರಿನ ಪ್ರಯೋಗಾಲಯದ ವರದಿ ಮತ್ತು ಕೌದಳ್ಳಿ ಕಡೆಯ ಈ ಪುಟ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ ಮೇಲೆಯೇ ರೋಗಿಗಳ ಮೇಲಿನ ಪರೀಕ್ಷೆಗೆ ಹಣ ಕೇಳಲು, ರೈತನಿಗೆ ಬೆಂಬಲ ಬೆಲೆ ಗೊತ್ತುಮಾಡಲು ನಮಗೆ ಒಂದು ಆಧಾರ ಸಿಗುತ್ತದೆ.