ಲಾವಣ್ಯವೆಂಬ ಉಪ್ಪು

ಸಂಸ್ಕೃತದಲ್ಲಿ ಚೆಲುವನ್ನು ಹೇಳುವ ಮಾತುಗಳು ಹತ್ತಾರು ಇದ್ದರೂ ಅವುಗಳಲ್ಲಿ ನಮಗೆ ಬಹಳವಾಗಿ ಹಿಡಿಸಿದುದು 'ಲಾವಣ್ಯ' ಎಂಬುದು. ಲವಣ ಶಬ್ದದಿಂದ ಹುಟ್ಟಿದ ಮಾತು ಇದು. ಲವಣವೆಂದರೆ ನಮ್ಮ ಅಡಿಗೆಮನೆಯ ಉಪ್ಪೇ ಹೊರತು ಬೇರೆಯಲ್ಲ. ಚೆಲುವಾದ ಮುಖವನ್ನು ಕಂಡ ನಮ್ಮ ಪೂರ್ವಿಕರು ಜೇನು ಸಕ್ಕರೆಗಳನ್ನು ನೆನೆದು ಮಾಧುರ್ಯವೆಂದುದು ಸಹಜವೇ ಸರಿ. ಆದರೆ ಅಷ್ಟಕ್ಕೆ ತೃಪ್ತರಾಗದೆ ಉಪ್ಪಿನ ಭರಣಿಯವರೆಗೂ ಹೋದರಲ್ಲಾ, ಅದು ರಸಿಕತೆ! ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ಕಾವ್ಯದಲ್ಲಿ ಧ್ವನಿಯೆಂಬುದು ಹೇಗಿರುವುದೆಂದು ತಿಳಿಸಬೇಕಾದಾಗ, ಸ್ತ್ರೀಯರಲ್ಲಿ ಕಣ್ಣು ಮೂಗು ಮೊದಲಾದ ಅವಯವಗಳಿಗಿಂತ ಬೇರೆಯಾಗಿ ತೋರುವ ಲಾವಣ್ಯವನ್ನೇ ಉಪಮಾನವಾಗಿ ತೆಗೆದುಕೊಂಡನು. ಸಾರಿನಲ್ಲಿ ಉಪ್ಪು ಕಣ್ಣಿಗೆ ಕಾಣದು. ಇಲ್ಲದಿದ್ದರೆ ಮಾತ್ರ ಒಡನೆಯೇ ಗೊತ್ತಾಗುತ್ತದೆ.

ಅಲಂಕಾರದ ವಿಷಯದಲ್ಲಿ ಇಂದಿನ ಸಂಸಾರಗಳಲ್ಲಿ ಎರಡು ಪಂಗಡಗಳು ಕಂಡುಬರುತ್ತವೆ. ಕನ್ನಡಿಯ ಮುಂದೆ ಅರೆಗಳಿಗೆ ಹೆಚ್ಚಾಗಿ ನಿಂತ ಹುಡುಗಿಯನ್ನು ಕಂಡೊಡನೆ 'ಕಾಲ ಕೆಟ್ಟಿತು' ಎಂದು ನಿಟ್ಟುಸಿರು ಬಿಡುವ ಹಿರಿಯರದು ಒಂದು. ಅಂಗೈಯಗಲದ ಮೊಬೈಲಿನಲ್ಲಿ ಯಾವ ನಟಿ ಯಾವ ಬಣ್ಣವನ್ನು ತೊಟ್ಟಳೆಂಬುದನ್ನು ನೋಡಿ, ವಾರದೊಳಗೆ ಅದೇ ಬಣ್ಣ ಮನೆಗೆ ಬಾರದಿದ್ದರೆ ಊಟ ಸೇರದ ಕಿರಿಯರದು ಮತ್ತೊಂದು. ಮೊದಲನೆಯವರು ಉಪ್ಪಿಲ್ಲದ ಸಾರನ್ನು ಬಡಿಸುವವರು. ಎರಡನೆಯವರು ಉಪ್ಪನ್ನೇ ಅನ್ನವೆಂದು ತಿಳಿದವರು.

ಹಿರಿಯರ ಪಂಗಡದವರು ಸಾಮಾನ್ಯವಾಗಿ ಪೂರ್ವಿಕರನ್ನು ಸಾಕ್ಷಿಗೆ ಕರೆಯುತ್ತಾರೆ. ಆ ಸಾಕ್ಷಿಗಳೇ ಬಂದು ನಿಂತರೆ ಇವರ ಮೊಕದ್ದಮೆ ಬಿದ್ದುಹೋಗುವುದರಲ್ಲಿ ಸಂದೇಹವಿಲ್ಲ. ಆರನೆಯ ಶತಮಾನದ ವರಾಹಮಿಹಿರನು ಗ್ರಹಗತಿಗಳನ್ನು ಗಣಿಸಿದ ಮಹಾಜ್ಯೋತಿಷಿ. ಅವನ ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿಯೆಂಬ ಒಂದು ಅಧ್ಯಾಯವಿದೆ. ಸುಗಂಧಗಳನ್ನು ಹೇಳಲು ಹೊರಟ ಆ ಅಧ್ಯಾಯ ಆರಂಭವಾಗುವುದು ಎಲ್ಲಿಂದ ಬಲ್ಲಿರಾ? ನರೆಗೂದಲಿನಿಂದ! ತಲೆ ಬೆಳ್ಳಗಾದವನಿಗೆ ಮಾಲೆ ಗಂಧ ವಸ್ತ್ರ ಭೂಷಣಗಳು ಶೋಭಿಸುವುದಿಲ್ಲವಾದ್ದರಿಂದ ಮೊದಲು ಕೂದಲನ್ನು ಕಪ್ಪು ಮಾಡಿಕೊಳ್ಳಲಿ ಎಂದು ಆತನ ಅಭಿಪ್ರಾಯ. ಬಿಳಿಯ ತಲೆಯವರಾದ ನಮಗೆ ಈ ಮಾತು ಸ್ವಲ್ಪ ಚುಚ್ಚಿತೆಂಬುದನ್ನು ಮುಚ್ಚಿಡಲಾರೆವು. ಅವನು ಹೇಳಿದ ವಿಧಾನವೂ ಸುಲಭದ್ದಲ್ಲ. ಕಬ್ಬಿಣದ ಪಾತ್ರೆಯಲ್ಲಿ ಹುಳಿನೀರಿನೊಡನೆ ಹಾರಕದ ಅಕ್ಕಿಯನ್ನೂ ಕಬ್ಬಿಣದ ಪುಡಿಯನ್ನೂ ಬೇಯಿಸಿ, ನುಣ್ಣಗೆ ಅರೆದು, ತಲೆಗೆ ಮೆತ್ತಿ, ಹಸಿಯೆಲೆಗಳನ್ನು ಸುತ್ತಿಕೊಂಡು ಎರಡು ಜಾವ ಕುಳಿತಿರಬೇಕು. ಬಳಿಕ ಅದನ್ನು ತೆಗೆದು ನೆಲ್ಲಿಕಾಯಿಯ ಲೇಪವನ್ನು ಹಚ್ಚಿ, ಮತ್ತೆ ಎಲೆ ಸುತ್ತಿ, ಇನ್ನೆರಡು ಜಾವ. ಒಟ್ಟು ಹನ್ನೆರಡು ಗಂಟೆಯ ತಪಸ್ಸು! ಕಬ್ಬಿಣವೂ ನೆಲ್ಲಿಯ ಒಗರೂ ಕೂಡಿದರೆ ಕಪ್ಪು ಹುಟ್ಟುವುದೆಂಬುದು ಹಿಂದೆ ಶಾಯಿ ಕಾಸುತ್ತಿದ್ದವರಿಗೆ ತಿಳಿದ ಮಾತೇ. ಇಂದಿಗೂ ಮದರಂಗಿಯನ್ನು ಕಬ್ಬಿಣದ ಬಾಣಲೆಯಲ್ಲಿ ಕಲಸಿಡುವ ಗೃಹಿಣಿಯರು ಅರಿಯದೆಯೇ ವರಾಹಮಿಹಿರನ ಶಿಷ್ಯೆಯರಾಗಿದ್ದಾರೆ.

ನಮ್ಮ ನಾಡಿನ ಸಾಕ್ಷಿಯೇ ಬೇಕೆಂದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನಿದ್ದಾನೆ. ಸುಮಾರು 1130ರಲ್ಲಿ ಅವನು ರಚಿಸಿದ ಮಾನಸೋಲ್ಲಾಸದಲ್ಲಿ ಸ್ನಾನ, ತಾಂಬೂಲ, ವಿಲೇಪನ, ವಸ್ತ್ರ, ಮಾಲ್ಯ, ಭೂಷಣ ಎಂದು ಒಂದೊಂದು ಉಪಭೋಗಕ್ಕೂ ಪ್ರತ್ಯೇಕ ಪ್ರಕರಣಗಳಿವೆ. ಅದಕ್ಕೆ ಸ್ವಲ್ಪ ಮೊದಲು, 1117ರಲ್ಲಿ, ಹೊಯ್ಸಳ ವಿಷ್ಣುವರ್ಧನನು ಬೇಲೂರಿನಲ್ಲಿ ಪ್ರತಿಷ್ಠೆ ಮಾಡಿಸಿದ ದೇವಾಲಯದ ಹೊರಗೋಡೆಯಲ್ಲಿ ದರ್ಪಣಸುಂದರಿಯೊಬ್ಬಳು ಕನ್ನಡಿ ಹಿಡಿದು ನಿಂತಿದ್ದಾಳೆ. ಒಂಬೈನೂರು ವರ್ಷಗಳಾದರೂ ಅವಳ ನೋಟ ಕನ್ನಡಿಯನ್ನು ಬಿಟ್ಟು ಕದಲಿಲ್ಲ. ದೇವರ ದರ್ಶನಕ್ಕೆ ಬಂದ ಯಾವ ಹಿರಿಯರೂ ಅವಳನ್ನು ಗದರಿಸಿದುದನ್ನು ನಾವು ಕೇಳಿಲ್ಲ. ಇನ್ನು ಮಹಾಭಾರತವೋ! ಅಜ್ಞಾತವಾಸದ ವರ್ಷ ದ್ರೌಪದಿಯು ವಿರಾಟನ ಅರಮನೆಯಲ್ಲಿ ಹೊಟ್ಟೆ ಹೊರೆದುದು ಸೈರಂಧ್ರಿಯಾಗಿ. ಎಂದರೆ ತಲೆ ಬಾಚಿ, ಜಡೆ ಕಟ್ಟಿ, ಲೇಪನಗಳನ್ನು ಅರೆದು, ಹೂವನ್ನು ಕಟ್ಟಿಕೊಡುವ ವೃತ್ತಿಯಿಂದ. ಬ್ಯೂಟಿ ಪಾರ್ಲರಿನ ಕೆಲಸವನ್ನು ಹಗುರವಾಗಿ ಕಾಣುವವರು ಪಾಂಚಾಲಿಯನ್ನು ಒಮ್ಮೆ ನೆನೆಯುವುದು ಒಳ್ಳೆಯದು.

'ಅದೆಲ್ಲ ಇರಲಿ, ಸೀರೆ ಕುಪ್ಪಸಗಳು ನಮ್ಮ ಸನಾತನ ಉಡುಪು. ಈಗಿನವರು ಅದನ್ನು ಬಿಟ್ಟರು' ಎಂಬ ದೂರು ಒಂದುಂಟು. ಸೀರೆ ಪ್ರಾಚೀನವೆಂಬುದು ನಿಜ. ಆದರೆ ಲಂಗ ಕುಪ್ಪಸಗಳ ಮೇಲೆ, ಮುಂದೆ ನೆರಿಗೆ ಹಿಡಿದು, ಎಡಹೆಗಲಿನ ಮೇಲೆ ಸೆರಗು ಬಿಡುವ ಈಗಿನ ರೀತಿ ದೇಶದಲ್ಲೆಲ್ಲಾ ಹಬ್ಬಿದುದು ಈಚಿನ ನೂರೈವತ್ತು ವರ್ಷಗಳಲ್ಲಿ. 1860ರ ದಶಕದಲ್ಲಿ ಸತ್ಯೇಂದ್ರನಾಥ ಠಾಕೂರರ ಪತ್ನಿ ಜ್ಞಾನದಾನಂದಿನೀ ದೇವಿಯವರು ಮುಂಬಯಿಯಲ್ಲಿದ್ದಾಗ, ಪಾರಸೀ ಸ್ತ್ರೀಯರು ಸೀರೆಯುಡುವ ಬಗೆಯನ್ನು ನೋಡಿ ತಮಗೆ ಬೇಕಾದಂತೆ ಮಾರ್ಪಡಿಸಿ ಬಂಗಾಳಕ್ಕೆ ಒಯ್ದರು. (ಈ ಸತ್ಯೇಂದ್ರನಾಥರೇ ಮುಂದೆ ನಮ್ಮ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದವರು, ತಮ್ಮ ರವೀಂದ್ರನಾಥರು ಅಣ್ಣನ ಮನೆಗೆ ಬಂದು ಅಲ್ಲಿಯ ಕಡಲತೀರವನ್ನು ಕಂಡು ಹಿಗ್ಗಿದರು.) ಬಳಿಕ ರಾಜಾ ರವಿವರ್ಮರ ಮುದ್ರಣಾಲಯವು 1894ರಲ್ಲಿ ಮುಂಬಯಿಯ ಬಳಿ ಆರಂಭವಾಗಿ, ಸೀರೆಯುಟ್ಟ ಲಕ್ಷ್ಮೀ ಸರಸ್ವತಿಯರ ಪಟಗಳು ಮನೆಮನೆಯ ಗೋಡೆಗೆ ಬಂದವು. ದೇವಿಯೇ ಹಾಗೆ ಉಟ್ಟಿರುವಾಗ ಅದು ಅನಾದಿಯಲ್ಲವೆಂದು ಹೇಳುವವರಾರು? ಕಚ್ಚೆಯುಡುವ ಅಜ್ಜಿಯರೂ, ನೆರಿಗೆಯನ್ನು ಹಿಂದಕ್ಕೆ ಇಳಿಬಿಡುವ ಕೊಡಗಿನ ಗೃಹಿಣಿಯರೂ ಈ ಮಾತನ್ನು ಕೇಳಿ ನಗುತ್ತಾರಷ್ಟೆ. ಇಂದಿನ ಸಂಪ್ರದಾಯಗಳಲ್ಲಿ ಹಲವು ನಿನ್ನೆಯ ಷೋಕಿಗಳು.

ಷೋಕಿಗಳು ಹುಟ್ಟುವ ಬಗೆಯಂತೂ ಬಹಳ ವಿನೋದವಾದುದು. ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನಿಸರು 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ನಟಿ. ಅಂದಿನಿಂದ ಸಾಬೂನಿಗೂ ಚಲಚ್ಚಿತ್ರಕ್ಕೂ ಬಿಡದ ನಂಟು. 1960ರ 'ಲವ್ ಇನ್ ಸಿಮ್ಲಾ' ಚಿತ್ರದ ಕಥೆ ಇನ್ನೂ ಸ್ವಾರಸ್ಯವಾಗಿದೆ. ನಾಯಿಕೆಯಾದ ಸಾಧನಾ ಅವರ ಹಣೆ ಅಗಲವೆಂದು ನಿರ್ದೇಶಕರಿಗೆ ಚಿಂತೆಯಾಯಿತು. ಹಣೆಯನ್ನು ಮರೆಸಲು ಹಾಲಿವುಡ್ಡಿನ ಆಡ್ರೆ ಹೆಪ್‌ಬರ್ನಳಂತೆ ಮುಂಗೂದಲನ್ನು ಕತ್ತರಿಸಿ ಇಳಿಬಿಟ್ಟರು. ಚಿತ್ರ ತೆರೆಗೆ ಬಂದುದೇ ತಡ, ದೇಶದ ಹುಡುಗಿಯರೆಲ್ಲ ಅದೇ 'ಸಾಧನಾ ಕಟ್' ಬೇಕೆಂದು ಕತ್ತರಿಯ ಮುಂದೆ ಕುಳಿತರು. ಮರೆಸಬೇಕಾದ ಹಣೆ ಇವರಿಗಿತ್ತೋ ಇಲ್ಲವೋ ಯಾರು ಕೇಳಿದರು? ಕನ್ನಡದಲ್ಲಿ 'ಶರಪಂಜರ'ದ ಕಲ್ಪನಾ ಅವರ ಕಾಲವನ್ನು ನಮ್ಮ ವಯಸ್ಸಿನ ವಾಚಕಿಯರು ಬಲ್ಲರು. ಅವರ ಸೀರೆಯಂತಹ ಸೀರೆ, ಅವರ ಕುಪ್ಪಸದಂತಹ ಉದ್ದ ತೋಳು! ಗಂಡಸರು ಈ ಮೋಹಕ್ಕೆ ಹೊರತೆಂದು ಬೀಗಬೇಕಾದುದಿಲ್ಲ. 2018ರಲ್ಲಿ 'ಕೆ.ಜಿ.ಎಫ್.' ಬಂದ ಮೇಲೆ ನಮ್ಮ ಬೀದಿಯ ಹುಡುಗರ ಗಲ್ಲಗಳು ಕಾಣದಾದವು. ಗಡ್ಡ ಸರಿಯಾಗಿ ಹುಟ್ಟದ ಹದಿಹರೆಯದವರ ಸಂಕಟವನ್ನು ನೋಡಲಾಗುತ್ತಿರಲಿಲ್ಲ.

ಇದನ್ನೆಲ್ಲ ನೋಡಿ ನಕ್ಕು, ನಗುತ್ತಲೇ ಒಂದಿಷ್ಟನ್ನು ತಾವೂ ತೊಟ್ಟು ನೋಡುವುದರಲ್ಲಿ ನಮಗೆ ತಪ್ಪೇನೂ ಕಾಣದು. ಅಮರಕೋಶದಲ್ಲಿ ವೇಷಕ್ಕೆ 'ನೇಪಥ್ಯ'ವೆಂಬ ಹೆಸರೂ ಉಂಟು. ನಾಟಕದ ತೆರೆಯ ಹಿಂದಿನ ಜಾಗಕ್ಕೂ ಅದೇ ಹೆಸರು. ತೆರೆಯ ಮೇಲೆ ಹೊಳೆಯುವ ಮುಖದ ಹಿಂದೆ ಬಣ್ಣದವನು, ದೀಪದವನು, ಕೂದಲಿನವನು ಎಂದು ಹತ್ತು ಜನ ಬೆವರಿಳಿಸಿರುತ್ತಾರೆ. ಇದನ್ನು ಬಲ್ಲ ಪ್ರೇಕ್ಷಕನಿಗೆ ಆಟವೂ ರುಚಿಸುತ್ತದೆ, ನಿದ್ರೆಯೂ ಬರುತ್ತದೆ. ಬಲ್ಲದ ಹುಡುಗಿಯು ತೆರೆಯ ಮುಖವನ್ನು ತನ್ನ ಕನ್ನಡಿಯ ಮುಖದೊಡನೆ ಹೋಲಿಸಿ ಅಳುತ್ತಾಳೆ. ಈಗಂತೂ ಮೊಬೈಲಿನ ಕ್ಯಾಮೆರಾದಲ್ಲಿ 'ಫಿಲ್ಟರ್' ಎಂಬ ಮಾಯೆ ಸೇರಿ, ಮೂಗನ್ನು ಚೂಪು ಮಾಡಿ, ಚರ್ಮವನ್ನು ತಿಳಿಮಾಡಿ ತೋರಿಸುವುದರಿಂದ, ಹುಡುಗಿ ಹೋಲಿಸಿಕೊಳ್ಳುತ್ತಿರುವುದು ನಟಿಯೊಡನೆ ಅಲ್ಲ, ತನ್ನದೇ ಸುಳ್ಳು ಮುಖದೊಡನೆ.

ನಗಲಾಗದ ಒಂದು ವಿಷಯವೆಂದರೆ ಬಿಳುಪಿನ ಹುಚ್ಚು. ದ್ರೌಪದಿಗೆ ಕೃಷ್ಣೆಯೆಂಬ ಹೆಸರು ಬಂದುದು ಮೈಬಣ್ಣದಿಂದ. ವ್ಯಾಸನು ಕಪ್ಪು, ವಾಸುದೇವನು ಕಪ್ಪು. ಆ ಕಥೆಗಳನ್ನು ಕೇಳಿ ಕೈಮುಗಿದು ಎದ್ದವರೇ 'ಹುಡುಗಿ ಸ್ವಲ್ಪ ಬಣ್ಣ ಕಡಿಮೆ' ಎಂದು ಸಂಬಂಧವನ್ನು ಬಿಡುತ್ತಾರೆ. 1975ರಲ್ಲಿ 'ಫೇರ್ ಅಂಡ್ ಲವ್ಲಿ' ಎಂದು ಮಾರುಕಟ್ಟೆಗೆ ಬಂದ ಲೇಪವು 2020ರಲ್ಲಿ 'ಗ್ಲೋ ಅಂಡ್ ಲವ್ಲಿ' ಎಂದು ಹೆಸರು ಬದಲಿಸಿಕೊಂಡಿತು. ಹೆಸರಿನಿಂದ ಬಿಳುಪು ಹೋಯಿತು, ಮನಸ್ಸಿನಿಂದ ಹೋಗಲಿಲ್ಲ. ತಯಾರಿಸಿದವರ ವಿಳಾಸವೂ, ಒಳಗಿನ ವಸ್ತುಗಳ ಪಟ್ಟಿಯೂ ಇಲ್ಲದೆ 'ವಾರದಲ್ಲಿ ಬಿಳುಪು' ಎಂದು ಮಾರುವ ಡಬ್ಬಿಗಳ ವಿಷಯದಲ್ಲಿ ತಾಯಂದಿರು ಬಹಳ ಎಚ್ಚರದಿಂದಿರಬೇಕು. ಅಂಥವುಗಳಲ್ಲಿ ಎಷ್ಟೋ ವೇಳೆ ಪಾದರಸವಿರುತ್ತದೆ. ಅದು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹುಟ್ಟದಂತೆ ತಡೆಯುವುದರಿಂದ ಮೊದಲು ಬಿಳುಪು ಕಂಡುಬರುವುದು ನಿಜವೇ. ಆದರೆ ಚರ್ಮದ ಮೂಲಕ ರಕ್ತಕ್ಕೆ ಇಳಿದು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಮುಖವೂ ಕಾಲೂ ಊದಿಕೊಂಡು, ಮೂತ್ರದಲ್ಲಿ ನೊರೆ ಕಂಡರೆ, ವೈದ್ಯರ ಬಳಿಗೆ ಹೋಗುವಾಗ ಆ ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಬೇಕು. ಅಂಗಡಿಯ ಕೇಶವರ್ಣವೂ ಕೆಲವರ ಮೈಗೆ ಒಗ್ಗದು. ಕಿವಿಯ ಹಿಂದೆ ತುಸು ಹಚ್ಚಿ ಎರಡು ದಿನ ಕಾಯುವುದು ವರಾಹಮಿಹಿರನ ಹನ್ನೆರಡು ಗಂಟೆಗಿಂತ ಕಷ್ಟವೇನಲ್ಲ.

ಇಷ್ಟನ್ನೂ ಬರೆಯಲು ಕಾರಣವಾದುದು ಬಯಲುಸೀಮೆಯ ಊರೊಂದರಿಂದ ಬಂದ ಒಂದು ಓಲೆ. ಬರೆದ ಸೋದರಿಯ ತಾಯಿಗೆ ಅರವತ್ತೊಂದು ವರ್ಷ; ಎರಡು ವರ್ಷಗಳ ಹಿಂದೆ ಪತಿಯನ್ನು ಕಳೆದುಕೊಂಡರು. ಮೊದಲು ಇಳಕಲ್ಲಿನ ಕೆಂಪು ಸೆರಗೂ, ಗುಳೇದಗುಡ್ಡದ ಖಣದ ಕುಪ್ಪಸವೂ, ತಲೆತುಂಬ ಮಲ್ಲಿಗೆಯೂ ಇಲ್ಲದೆ ಹೊಸ್ತಿಲು ದಾಟದಿದ್ದವರಂತೆ. ಬಂದ ಚಿತ್ರವನ್ನೆಲ್ಲ ಮೊದಲ ವಾರದಲ್ಲೇ ನೋಡುತ್ತಿದ್ದರಂತೆ. ಈಗ ಮಾಸಲು ಸೀರೆಯನ್ನುಟ್ಟು ಮೂಲೆಯಲ್ಲಿ ಕುಳಿತಿರುವ ಅಜ್ಜಿಗೆ, ಮೊನ್ನೆ ಮದುವೆಯೊಂದರ ದಿನ ಮೊಮ್ಮಗಳು ಹಳೆಯ ಸೀರೆಯನ್ನು ತೆಗೆದು ಉಡಿಸಿ, ಮಲ್ಲಿಗೆ ಮುಡಿಸಿದಳು. ಪರದೇಶದಿಂದ ರಜೆಯ ಮೇಲೆ ಬಂದಿದ್ದ ಮಗನು 'ಶಾಸ್ತ್ರದಲ್ಲಿ ಇದಕ್ಕೆ ಒಪ್ಪಿಗೆಯಿಲ್ಲ' ಎಂದುದರಿಂದ ಆ ತಾಯಿ ಹೂವನ್ನು ತೆಗೆದಿಟ್ಟು, ಮದುವೆಗೂ ಹೋಗದೆ ಉಳಿದರು. ಸಂಸ್ಕೃತ ಬಲ್ಲ ತಾವೇ ಹೇಳಬೇಕೆಂದು ಮಗಳು ಕೇಳಿದ್ದಾರೆ.

ಪತಿ ತೀರಿದವಳಿಗೆ ಹೂವು ತಾಂಬೂಲ ಗಂಧಗಳನ್ನು ನಿಷೇಧಿಸುವ ವಚನಗಳು ಸ್ಮೃತಿಪುರಾಣಗಳಲ್ಲಿ ಇವೆ; ಇಲ್ಲವೆಂದು ಹೇಳಿ ಆ ಸೋದರಿಯನ್ನು ಸಮಾಧಾನಪಡಿಸುವುದು ನಮ್ಮಿಂದಾಗದು. ಆದರೆ ಅದೇ ಮನುಸ್ಮೃತಿಯಲ್ಲಿ ವಿದ್ಯಾರ್ಥಿಗೆ ಗಂಧ, ಮಾಲೆ, ಕಾಡಿಗೆಗಳೊಡನೆ ಪಾದರಕ್ಷೆಯನ್ನೂ ಕೊಡೆಯನ್ನೂ ನಿಷೇಧಿಸಿದೆ. ಮಳೆಗಾಲದಲ್ಲಿ ಬರಿಗಾಲಿನಲ್ಲಿ ಕೊಡೆಯಿಲ್ಲದೆ ಮಗುವನ್ನು ಶಾಲೆಗೆ ಕಳುಹಿದ ತಂದೆಯನ್ನು ನಾವು ಇಷ್ಟು ವರ್ಷಗಳ ಅಧ್ಯಾಪನದಲ್ಲಿ ಒಬ್ಬರನ್ನೂ ಕಾಣಲಿಲ್ಲ. ಸಮುದ್ರಯಾನವನ್ನು ಬೌಧಾಯನನು ಪಾತಕಗಳಲ್ಲಿ ಎಣಿಸಿದ್ದಾನೆ. ಕಡಲು ದಾಟಿ ಉದ್ಯೋಗಕ್ಕೆ ಹೋದ ಮಗನು ವಿಮಾನ ಹತ್ತುವಾಗ ಈ ಸೂತ್ರವನ್ನು ತೆರೆದು ನೋಡಿದ್ದನೋ ಕೇಳಿರಿ. ತನ್ನ ಕಾಲಿಗೆ ಅಡ್ಡ ಬಂದ ವಚನವನ್ನು ದಾಟಿಹೋದವನಿಗೆ ತಾಯಿಯ ಮುಡಿಗೆ ಅಡ್ಡ ಬಂದ ವಚನ ಮಾತ್ರ ಏಕೆ ಇಷ್ಟು ಭಾರವಾಯಿತು? ವಿಧವೆಯರ ಪುನರ್ವಿವಾಹಕ್ಕೇ 1856ರಲ್ಲಿ ಕಾಯಿದೆಯ ಮಾನ್ಯತೆ ದೊರೆತಿರುವ ದೇಶದಲ್ಲಿ ಒಂದು ಮೊಳ ಹೂವಿನ ವಿಚಾರಣೆ ಇಂದಿಗೂ ನಡೆಯುತ್ತಿರುವುದು ಆಶ್ಚರ್ಯ.

ಅಷ್ಟಾದರೂ ಆ ತಾಯಿಯವರನ್ನು ಬಲವಂತಪಡಿಸಬಾರದು. ಅವರಿಗೆ ಬೇಡವೆನಿಸಿದರೆ ಬೇಡ. ದುಃಖಕ್ಕೆ ಅದರದೇ ಆದ ಕಾಲಮಾನವಿದೆ, ಅದನ್ನು ಮೊಮ್ಮಗಳ ಉತ್ಸಾಹವೂ ಅವಸರಪಡಿಸಬಾರದು. ಬೇಕೆನಿಸಿದರೆ ಮಾತ್ರ ಯಾರ ಅಪ್ಪಣೆಗೂ ಕಾಯಬೇಕಾದುದಿಲ್ಲ. ಮೊದಲು ಯಾವುದಾದರೂ ಒಳ್ಳೆಯ ಚಿತ್ರಕ್ಕೆ ಅಜ್ಜಿ ಮೊಮ್ಮಗಳಿಬ್ಬರೇ ಹೋಗಿ ಬರಲಿ. ಕತ್ತಲೆಯಲ್ಲಿ ಯಾರೂ ಯಾರ ಮುಡಿಯನ್ನೂ ನೋಡುವುದಿಲ್ಲ. ಪೆಟ್ಟಿಗೆಯಲ್ಲಿರುವ ಇಳಕಲ್ ಸೀರೆಯನ್ನು ಒಮ್ಮೆ ಗಾಳಿಗೆ ಹರಡಿ, ಮಡಿಕೆ ಬದಲಿಸಿ ಇಡಲಿ. ಒಂದೇ ಮಡಿಕೆಯಲ್ಲಿ ಬಹಳ ಕಾಲವಿದ್ದರೆ ಸೆರಗಿನ ರೇಷ್ಮೆ ಸೀಳುತ್ತದೆ. ಗುಳೇದಗುಡ್ಡದ ಖಣದಲ್ಲಿ ಈಗ ಸೀರೆಗಳನ್ನೂ ಕೈಚೀಲಗಳನ್ನೂ ಹೊಲಿಯುತ್ತಿದ್ದಾರೆ. ಅಜ್ಜಿಯ ಹಳೆಯ ಕುಪ್ಪಸದ ಬಟ್ಟೆ ಮೊಮ್ಮಗಳ ಕಾಲದ ಹೊಸ ಷೋಕಿಯಾಗಿರುವುದನ್ನು ಕಂಡರೆ ಅವರಿಗೂ ನಗು ಬಂದೀತು. ಮಲ್ಲಿಗೆಯನ್ನು ಮೊಗ್ಗಿನಲ್ಲೇ ಕೊಳ್ಳಬೇಕು, ಮುಡಿದ ಮೇಲೆ ರಾತ್ರಿಗೆ ಅರಳಬೇಕು ಎಂಬುದನ್ನು ಆ ತಾಯಿಯವರಿಗೆ ನಾವು ಹೇಳಿಕೊಡಬೇಕಾದುದಿಲ್ಲ. ಮೊಮ್ಮಗಳಿಗೆ ಅವರೇ ಕಲಿಸಿಯಾರು.